ನಿನ್ನ ಜೋಡಿ ಕಟ್ಟುವವನು ಯಾರು?

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: ಕೀರ್ತನೆ 144:1, 1 ಕೊರಿಂಥ 10:13, 2 ತಿಮೊಥೆ 4:7–13

ಕೈಯೆತ್ತಿ ಒಂದು ಸಲ ಹಲ್ಲೆಲೂಯಾ ಹೇಳೋಣ. ದೇವರಿಗೆ ಸ್ತೋತ್ರ. ಕೂತ್ಕೊಳ್ಳಿ.

ಮೊದಲು ಕೀರ್ತನೆ 144 ತೆಗೆಯಿರಿ. ದಾವೀದನು ಅರಸ, ಗೊಲ್ಯಾತನನ್ನು ಬೀಳಿಸಿದವನು. ಆದರೆ ಇಲ್ಲಿ ತನ್ನ ತೋಳಿನ ಬಲ ಹೇಳಿಕೊಳ್ಳೋದಿಲ್ಲ. ನನ್ನ ಕೈಗೆ ಹೋರಾಟ ಕಲಿಸಿದವನು ದೇವರು ಅಂತಾನೆ. ನಮ್ಮ ಮೈಸೂರು ಮಾತಲ್ಲಿ ಹೇಳೋದಾದ್ರೆ, ದೇವರೇ ನನ್ನ ಉಸ್ತಾದ್ ಅಂತಾನೆ.

ಉಸ್ತಾದ್ ಅಂದ್ರೆ ಈ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಗರಡಿ ಮನೆಗಳ ಊರು. ಕೆಲವರು ಕೇಳಬಹುದು, "ಪಾಸ್ಟರ್, ಗರಡಿಯಲ್ಲಿ ಪೂಜೆ ಇರುತ್ತಲ್ಲ, ನಮಗ್ಯಾಕೆ ಆ ಮಾತು?" ಅಲ್ಲಿಯ ಪೂಜೆ ನಮ್ಮದಲ್ಲ, ನಿಜ. ಆದರೆ ಪೌಲನು ಕೊರಿಂಥದವರಿಗೆ ಬರೆಯುವಾಗ ಓಟಗಾರನನ್ನೂ ಮುಷ್ಟಿಕಾಳಗದವನನ್ನೂ ಉದಾಹರಣೆ ಕೊಟ್ಟ. ಅವರ ಊರಿನ ಹತ್ತಿರವೇ ಇಸ್ತ್ಮಿಯನ್ ಕ್ರೀಡೆಗಳು ನಡೀತಿದ್ದವು. ಜನ ಕಣ್ಣಾರೆ ಕಂಡಿದ್ದನ್ನೇ ಹಿಡಿದು ಅವನು ಸುವಾರ್ತೆ ಹೇಳಿದ. ನಾನೂ ಹಾಗೇ ಹೇಳ್ತೀನಿ.

ದಸರಾ ಹತ್ತಿರ ಬಂದಾಗ ಮೈಸೂರಿನಲ್ಲಿ ಕುಸ್ತಿ ಜೋಡಿ ಕಟ್ಟುವ ಕಾರ್ಯಕ್ರಮ ನಡೆಯುತ್ತೆ. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಾಡಕುಸ್ತಿ ಆಗೋದಕ್ಕೆ ಮೊದಲು, ಯಾರ ಮೇಲೆ ಯಾರು ಅನ್ನೋದು ತೀರ್ಮಾನ ಆಗಬೇಕು. ಹುಡುಗ ಹೋಗಿ ನಿಲ್ತಾನೆ. ಎದುರಿಗೆ ಇನ್ನೊಬ್ಬ ನಿಲ್ತಾನೆ. ಹಿರಿಯರು ವಯಸ್ಸು ನೋಡ್ತಾರೆ, ಮೈಕಟ್ಟು ನೋಡ್ತಾರೆ, ಎಷ್ಟು ಕುಸ್ತಿ ಆಡಿದ್ದಾನೆ ಕೇಳ್ತಾರೆ. ಸರಿ ಅನಿಸಿದ್ರೆ ಇಬ್ಬರ ಕೈ ಕೂಡಿಸ್ತಾರೆ.

ಹುಡುಗನನ್ನು ಕೇಳಿದ್ರೆ ಅವನು ದೊಡ್ಡ ಹೆಸರಿನ ಪೈಲ್ವಾನನ ಮೇಲೇ ಆಡ್ತೀನಿ ಅಂತಾನೆ, ಇಲ್ಲಾಂದ್ರೆ ಸುಲಭವಾಗಿ ಬೀಳುವವನನ್ನು ಕೇಳ್ತಾನೆ. ಒಳ್ಳೆ ಉಸ್ತಾದ್ ಎರಡಕ್ಕೂ ಒಪ್ಪೋದಿಲ್ಲ. ಯಾಕೆ? ಆ ಹುಡುಗ ಎಷ್ಟು ದಂಡೆ ಹೊಡೀತಾನೆ, ಯಾವ ಪಟ್ಟಿಗೆ ಸಿಕ್ಕಿಬೀಳ್ತಾನೆ, ಯಾವ ಮಂಡಿ ನೋಯ್ತಿದೆ ಅನ್ನೋದು ಅವರಿಗೆ ಗೊತ್ತು. ದಿನಾ ಬೆಳಿಗ್ಗೆ ಮಟ್ಟಿಯ ಕೆಂಪು ಮಣ್ಣಿನಲ್ಲಿ ಅವನನ್ನು ನೋಡಿದ್ದಾರೆ.

ಈಗ 1 ಕೊರಿಂಥ 10:13ಕ್ಕೆ ಬನ್ನಿ. ನೀನು ತಾಳಲಾರದಷ್ಟು ಶೋಧನೆ ಬರೋದಕ್ಕೆ ದೇವರು ಬಿಡೋದಿಲ್ಲ ಅಂತ ಪೌಲ ಹೇಳ್ತಾನೆ. ಇದನ್ನು ಮನೆಗಳಲ್ಲಿ ಚೌಕಟ್ಟು ಹಾಕಿ ನೇತುಹಾಕಿದ್ದೀವಿ. ಆದರೆ ಆಸ್ಪತ್ರೆ ಬಿಲ್ ಬಂದಾಗ, ಗಂಡನ ಕೆಲಸ ಹೋದಾಗ, "ಸ್ವಾಮೀ, ನಂಗ್ಯಾಕೆ ಈ ಜೋಡಿ?" ಅಂತ ಅಳ್ತೀವಿ. ಅಳಿ, ತಪ್ಪಲ್ಲ. ಆದರೆ ಒಂದು ನೆನಪಿಟ್ಟುಕೊಳ್ಳಿ. ಯೋಬನ ಮೇಲೆ ಕೈ ಹಾಕೋದಕ್ಕೂ ಸೈತಾನ ಅಪ್ಪಣೆ ಕೇಳಬೇಕಾಯ್ತು. ಇಷ್ಟೇ, ಇದಕ್ಕಿಂತ ಮುಂದೆ ಹೋಗಬಾರದು ಅಂತ ದೇವರು ಗೆರೆ ಹಾಕಿದರು. ನಿನ್ನ ಎದುರಾಳಿ ಎಷ್ಟೇ ದೊಡ್ಡವನಿರಲಿ, ಜೋಡಿ ಕಟ್ಟುವ ಅಧಿಕಾರ ಅವನ ಕೈಯಲ್ಲಿಲ್ಲ. ಆಮೆನ್ ಹೇಳಿ!

ಎರಡನೇ ಮಾತು. ಒಳ್ಳೆ ಉಸ್ತಾದ್ ಕಾಳಗ ನಿಲ್ಲಿಸೋದನ್ನೂ ಬಲ್ಲವನು.

ವಿಜಯದಶಮಿಯ ಬೆಳಿಗ್ಗೆ ಅರಮನೆಯೊಳಗೆ ವಜ್ರಮುಷ್ಟಿ ಕಾಳಗ ನಡೆಯೋದು ನಿಮಗೆ ಗೊತ್ತು. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರು ಕಡೆಯ ಜಟ್ಟಿಗಳು ತಲೆ ಬೋಳಿಸಿಕೊಂಡು ಇಳಿತಾರೆ. ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗೀತು. ಪಕ್ಕದಲ್ಲೇ ನಿಂತ ಉಸ್ತಾದ್ ನಡುವೆ ಬಂದು ಬಿಡಿಸ್ತಾರೆ. ಎಷ್ಟೋ ಸಲ ಒಂದೆರಡು ನಿಮಿಷವೂ ಆಗಿರೋದಿಲ್ಲ. ಆ ಕೈ ನಡುವೆ ಬರುತ್ತೆ ಅನ್ನೋ ನಂಬಿಕೆ ಇಲ್ಲದೆ ಯಾವ ಮಗ ತಾನೇ ಅಲ್ಲಿ ತಲೆ ಒಡ್ಡುತ್ತಾನೆ?

ಹೊರದೇಶದ ಒಂದು ಸಂಗತಿ ಹೇಳ್ತೀನಿ. 1975ರ ಅಕ್ಟೋಬರ್ 1, ಫಿಲಿಪ್ಪೀನ್ಸ್. ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ನಡುವೆ ಬಾಕ್ಸಿಂಗ್. 15 ಸುತ್ತಿನಲ್ಲಿ 14 ಮುಗಿದಿತ್ತು. ಫ್ರೇಜಿಯರ್‌ಗೆ ಕಣ್ಣು ಊದಿಕೊಂಡು, ಬರುವ ಏಟು ಕಾಣ್ತಿರಲಿಲ್ಲ. ಆದ್ರೂ ಆಡ್ತೀನಿ ಅಂದರು. ಅವರ ಕೋಚ್ ಎಡ್ಡಿ ಫಚ್ ಕೇಳಲಿಲ್ಲ. ಬೇಡ ಅಂತ ಕೂರಿಸಿಬಿಟ್ಟರು. ಒಂದೇ ಒಂದು ಸುತ್ತು ಬಾಕಿ! ವಿಶ್ವ ಚಾಂಪಿಯನ್ ಪಟ್ಟ ಕೈತಪ್ಪಿತು. ಆದರೆ ಪಟ್ಟಕ್ಕಿಂತ ಆ ಮನುಷ್ಯನ ಜೀವ ಕೋಚ್‌ಗೆ ದೊಡ್ಡದಾಗಿತ್ತು. ಮುಂದಿನ ವರ್ಷ ಫ್ರೇಜಿಯರ್ ಮತ್ತೆ ರಿಂಗ್‌ಗೆ ಇಳಿದಾಗಲೂ ಜೊತೆಗಿದ್ದ ಕೋಚ್ ಅವರೇ.

ನಮ್ಮಲ್ಲಿ ಎಷ್ಟು ಜನ, ದೇವರು ಒಂದು ಬಾಗಿಲು ಮುಚ್ಚಿದ್ದಕ್ಕೆ ಇನ್ನೂ ಸಿಟ್ಟಿಟ್ಟುಕೊಂಡಿದ್ದೀವಿ? ಇನ್ನೊಂದು ಸುತ್ತು ಆಡಿದ್ರೆ ಗೆಲ್ತಿದ್ದೆ ಅಂತ. ಪ್ರಿಯರೇ, ನಿಮ್ಮ ಕಣ್ಣು ಊದಿರಬಹುದು. ನಿಮಗೆ ಕಾಣದ ಏಟು ದೇವರಿಗೆ ಕಂಡಿತ್ತು.

ಮೂರನೇ ಮಾತು ಸ್ವಲ್ಪ ಖಾರ. ಉಸ್ತಾದ್ ಅನಿಸಿಕೊಂಡವರೆಲ್ಲಾ ಹೀಗಿರೋದಿಲ್ಲ. 2023ರಲ್ಲಿ ಸಾಕ್ಷಿ ಮಲಿಕ್, ವಿನೇಶ್ ಫೋಗಾಟ್, ಬಜರಂಗ್ ಪುನಿಯಾ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತರು. ಕುಸ್ತಿ ಒಕ್ಕೂಟದ ಅಧ್ಯಕ್ಷರಾಗಿದ್ದವರ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದರು. ತೀರ್ಪು ಹೇಳೋದು ನ್ಯಾಯಾಲಯದ ಕೆಲಸ, ನನ್ನದಲ್ಲ. ನಾನು ಹೇಳೋದು ಇಷ್ಟೇ: ಬಾಯಿ ಮುಚ್ಚಿಕೊಂಡಿರೋದನ್ನೇ ನಿಷ್ಠೆ ಅಂತ ಕರೀಬೇಡಿ. ಸಭೆಯೊಳಗೂ ಇದೇ ಮಾತು. ಅಭಿಷಿಕ್ತನನ್ನು ಪ್ರಶ್ನೆ ಮಾಡಬೇಡ ಅಂತ ಹೆದರಿಸುವವನು, ಮಕ್ಕಳ ರಕ್ತ ಹರಿದರೂ ತನ್ನ ಹೆಸರಿಗಾಗಿ ಆಟ ಮುಂದುವರಿಸುವವನು ಕುರುಬನಲ್ಲ. 1 ಪೇತ್ರ 5ನ್ನು ಮನೆಗೆ ಹೋಗಿ ಓದಿ. ದೊರೆತನ ಮಾಡಬೇಡಿ ಅಂತ ಪೇತ್ರನು ಹಿರಿಯರಿಗೇ ಹೇಳ್ತಾನೆ. ನನ್ನನ್ನೂ ಆ ವಾಕ್ಯದಿಂದ ಅಳೆಯಿರಿ. ತಾಯಂದಿರೇ, ನಿಮ್ಮ ಮಗಳು ಬಂದು ಯಾರ ಬಗ್ಗೆಯಾದ್ರೂ ಹೇಳಿದ್ರೆ, ಅವನು ಪಾಸ್ಟರೇ ಆಗಿರಲಿ, ಮೊದಲು ಮಗಳ ಮಾತು ಕೇಳಿ.

ನಮ್ಮ ಉಸ್ತಾದ್ ಯೇಸುವನ್ನು ನೋಡಿ. ತನ್ನ ಹೆಸರಿಗಾಗಿ ನಮ್ಮ ರಕ್ತ ಕೇಳಲಿಲ್ಲ. ನಮಗಾಗಿ ತಾನೇ ಮಟ್ಟಿಗೆ ಇಳಿದು ರಕ್ತ ಸುರಿಸಿದ. ಹಲ್ಲೆಲೂಯಾ!

ಕೊನೆಯದು, 2 ತಿಮೊಥೆ 4. ಪೌಲನು ಸೆರೆಯಲ್ಲಿದ್ದಾನೆ. ಹೋರಾಟ ಮುಗಿಸಿದ್ದಾನೆ. ಚಳಿಗಾಲ ಬರ್ತಿದೆ, ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿ ತಗೊಂಡು ಬಾ ಅಂತ ತಿಮೊಥೆಗೆ ಬರೀತಾನೆ. ದೇಮನು ಲೋಕದ ಆಸೆಗೆ ಬಿದ್ದು ಬಿಟ್ಟುಹೋದ. ಜೊತೆಗೆ ಉಳಿದವನು ಲೂಕ ಒಬ್ಬನೇ. ಗೆದ್ದ ದಿನ ಹೆಗಲ ಮೇಲೆ ಹೊರೋದಕ್ಕೆ ನೂರು ಜನ ಬರ್ತಾರೆ. ಉಸ್ತಾದ್‌ಗೆ ವಯಸ್ಸಾಗಿ, ಕೈ ನಡುಗುವಾಗ ಕಂಬಳಿ ತಂದು ಹೊದಿಸುವವನು ಯಾರು? ನಿಷ್ಠೆ ಅಲ್ಲಿ ಗೊತ್ತಾಗುತ್ತೆ. ನಿಮಗೆ ಪ್ರಾರ್ಥಿಸಲು ಕಲಿಸಿದ ಆ ಅಜ್ಜಿ, ಮೊದಲ ಸತ್ಯವೇದ ಕೈಗಿಟ್ಟ ಆ ಅಣ್ಣ ಈಗ ಎಲ್ಲಿದ್ದಾರೆ? ಈ ವಾರ ಒಂದು ಫೋನ್ ಮಾಡಿ. ಆಗೋದಾದ್ರೆ ಹೋಗಿ ಬನ್ನಿ.

ಅದೇ ಪತ್ರದಲ್ಲಿ ಇನ್ನೊಂದು ಹೆಸರು ಇದೆ, ಮಾರ್ಕ. ಹಿಂದೊಮ್ಮೆ ಪಂಫುಲ್ಯದಲ್ಲಿ ಪೌಲನನ್ನು ಬಿಟ್ಟು ವಾಪಸ್ ಹೋದ ಹುಡುಗ. ಅವನ ವಿಷಯವಾಗಿ ಪೌಲನಿಗೂ ಬಾರ್ನಬನಿಗೂ ಜಗಳವೇ ಆಗಿತ್ತು. ಈಗ ಪೌಲ ಹೇಳ್ತಾನೆ, ಬರುವಾಗ ಅವನನ್ನೂ ಕರ್ಕೊಂಡು ಬಾ, ನನಗೆ ಬೇಕು. ಮಟ್ಟಿ ಬಿಟ್ಟು ಓಡಿಹೋದವನಿಗೂ ಜಾಗ ಇದೆ. ಇವತ್ತು ಯಾರಾದ್ರೂ ದೇವರನ್ನು ಬಿಟ್ಟು ದೂರ ಹೋಗಿದ್ದು, ಅಮ್ಮನ ಒತ್ತಾಯಕ್ಕೆ ಹಿಂದಿನ ಸಾಲಲ್ಲಿ ಬಂದು ಕೂತಿದ್ರೆ, ಈ ಮಾತು ನಿಮಗೆ. ನಿಮ್ಮ ಹೆಸರು ಹಿಡಿದು ಕರೀತಿದ್ದಾರೆ.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ತಂದೆಯೇ, ನಮ್ಮ ಬಲ ಬಲ್ಲವರು ನೀವೇ, ನಮ್ಮ ನೋಯುವ ಮಂಡಿ ಬಲ್ಲವರೂ ನೀವೇ. ಈ ವಾರ ನಮ್ಮ ಎದುರು ನಿಲ್ಲುವುದನ್ನು ನೋಡಿ ಹೆದರದಂತೆ ಮಾಡಿರಿ. ಬಿದ್ದವರನ್ನು ಎಬ್ಬಿಸಿರಿ, ಬಿಟ್ಟುಹೋದವರನ್ನು ಕರೆತನ್ನಿರಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.