ಏಕಾಂತದ ಸಾಕ್ಷಿ

ಪರರ ಎದುರಿನಲ್ಲಿ ಸತ್ಯವನ್ನು ನುಡಿಯಬೇಕೆಂಬುದು ಸರ್ವಸಮ್ಮತವಾದ ಧರ್ಮವು. ಆದರೆ ಕೇಳುವವರಾರೂ ಇಲ್ಲದೆಡೆಯಲ್ಲಿ ಮನುಷ್ಯನು ತನಗೆ ತಾನೇ ಸತ್ಯವಂತನಾಗಿರಬೇಕೆ? ಇರಬೇಕಾದರೆ ಅದಕ್ಕೆ ಸಾಕ್ಷಿ ಯಾರು? ಪಿಟೀಲಿನ ವಿದ್ಯಾರ್ಥಿಯ ಅಭ್ಯಾಸಕ್ರಮವನ್ನು ವಿಚಾರಿಸಿದರೆ ಈ ಪ್ರಶ್ನೆಯ ಮರ್ಮವು ತಿಳಿಯುವುದು.

ವೀಣೆಗೆ 24 ಮೆಟ್ಟುಗಳುಂಟು. ಶ್ರುತಿ ಸರಿಯಾಗಿದ್ದರೆ ಅವು ಬೆರಳಿಗೆ ದಾರಿಯನ್ನು ತೋರುವುವು. ಪಿಟೀಲಿಗೆ ಅಂತಹ ಆಧಾರವಿಲ್ಲ. ನುಣುಪಾದ ಪಟ್ಟಿಯ ಮೇಲೆ ಗಾಂಧಾರವು ಇಲ್ಲಿದೆಯೆಂದು ಹೇಳುವ ಗೆರೆಯೊಂದೂ ಇಲ್ಲ. ಬೆರಳು ಕೂದಲೆಳೆಯಷ್ಟು ಹಿಂದೆ ಬಿದ್ದರೂ ಸ್ವರವು ತಗ್ಗುವುದು; ಹಾಗೆ ತಗ್ಗಿತೆಂಬುದನ್ನು ಬಲ್ಲುದು ಕಿವಿಯೊಂದೇ.

ಬೆಳಗಿನ ಜಾವದಲ್ಲಿ ವಿದ್ಯಾರ್ಥಿಯು ನೆಲದ ಮೇಲೆ ಕುಳಿತು, ವಾದ್ಯದ ತುದಿಯನ್ನು ಬಲಪಾದದ ಮೇಲೆ ಊರಿ, ಕಮಾನಿಗೆ ರಾಳವನ್ನು ತೀಡಿ, ತಂತಿಗಳನ್ನು ಷಡ್ಜಪಂಚಮಗಳಿಗೆ ಕೂಡಿಸಿ, ಮಾಯಾಮಾಳವಗೌಳದ ಸರಳೆವರಸೆಗಳನ್ನು ಮೂರು ಕಾಲಗಳಲ್ಲಿಯೂ ನುಡಿಸುವನು. ಮೂರನೆಯ ಕಾಲದ ವೇಗದಲ್ಲಿ ಮರೆಯಾಗುವ ದೋಷವು ಒಂದನೆಯ ಕಾಲದ ದೀರ್ಘಸ್ವರದಲ್ಲಿ ಬಟ್ಟಬಯಲಾಗುವುದು. ಆದುದರಿಂದಲೇ ಅಲಸನಿಗೆ ವೇಗವು ಪ್ರಿಯವು.

ಇಲ್ಲಿ ಒಂದು ಆಕ್ಷೇಪವು ಏಳಬಹುದು: ಸಭೆಯಲ್ಲಿ ಶುದ್ಧವಾಗಿ ನುಡಿಸಿದರೆ ಸಾಲದೆ? ಬಾಗಿಲು ಮುಚ್ಚಿದ ಕೋಣೆಯ ಅಪಸ್ವರದಿಂದ ಯಾರಿಗೆ ಹಾನಿ? ಹಾನಿಯುಂಟು, ಅದು ಕಿವಿಗೇ. ಇಂದು ಕ್ಷಮಿಸಿದ ಅಪಸ್ವರವು ನಾಳೆ ಅಪಸ್ವರವೆಂದೇ ಕೇಳಿಸದು. ಕಳ್ಳತನವನ್ನು ಮಾಡಿ, ಕಂಡ ಸಾಕ್ಷಿಗೆ ಲಂಚವನ್ನೂ ಕೊಟ್ಟಂತಾಯಿತು. ಹೀಗೆ ಕೆಟ್ಟ ಸಾಕ್ಷಿಯು ಸಭೆಯಲ್ಲಿ ಸಹಾಯಕ್ಕೆ ಬರುವುದೆ? ಗುರುವೆಂದರೆ ಶಿಷ್ಯನ ಕಿವಿಯು ಬಲಿಯುವವರೆಗೆ ಅವನಿಗೆ ಕಿವಿಯಾಗಿ ನಿಲ್ಲತಕ್ಕವನು. ಆಮೇಲಿನ ಭಾರವು ಶಿಷ್ಯನದೇ.

ಇನ್ನು ಸಭೆ. ಮೊದಲ ಕಚೇರಿಯಲ್ಲಿ ಅಂಗೈ ಬೆವರುವುದು, ಕಮಾನು ನಡುಗುವುದು, ಅದು ದೋಷವಲ್ಲ. ನಡುಕವು ಹೋದ ಮೇಲೆ ಬರುವ ಪರೀಕ್ಷೆಯೇ ಕಠಿನವಾದುದು. ಪಕ್ಕವಾದ್ಯಗಾರನು ಗಾಯಕನನ್ನು ನೆರಳಿನಂತೆ ಅನುಸರಿಸಬೇಕು. ಅವನ ಆಲಾಪನೆಗೆ ಮಿತವಾದ ಉತ್ತರವನ್ನು ಕೊಡಬೇಕು. ಆಗ ಚಪ್ಪಾಳೆಯ ಆಸೆಯು, ಗಾಯಕನನ್ನು ಮೀರಿಸೆಂದು ಬೋಧಿಸುವುದು. ಏಕಾಂತದಲ್ಲಿ ತನ್ನ ತಪ್ಪನ್ನು ಕ್ಷಮಿಸಿದ ಅಹಂಕಾರವೇ ಇಲ್ಲಿ ತನ್ನ ಕೈಚಳಕವನ್ನು ಮೆರೆಸುವುದು. ವೇಷ ಎರಡು, ವ್ಯಕ್ತಿ ಒಂದೇ.

ತಿರುಮಕೂಡಲು ನರಸೀಪುರದ ಕಡೆಯವರಾದ ಮೈಸೂರಿನ ಟಿ. ಚೌಡಯ್ಯನವರು 1910ರಿಂದ 1918ರವರೆಗೆ ಬಿಡಾರಂ ಕೃಷ್ಣಪ್ಪನವರಲ್ಲಿ ಕಠಿನವಾದ ಶಿಕ್ಷಣವನ್ನು ಪಡೆದರು. ತಮ್ಮ ವಾದ್ಯದ ನಾದವು ಸಭೆಯ ಕೊನೆಯ ಸಾಲಿಗೂ ತಲುಪಬೇಕೆಂದು 1927ರ ಸುಮಾರಿನಲ್ಲಿ ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿದರು. ನಾದವು ಹೆಚ್ಚಿದಷ್ಟೂ ದೋಷವೂ ಹೆಚ್ಚಾಗಿ ಕೇಳಿಸುವುದಲ್ಲವೆ? ಜೋಡಿತಂತಿಗಳು ಒಂದೇ ಬೆರಳಿನ ಕೆಳಗೆ ಒಂದಾಗಿ ನುಡಿಯಬೇಕಾದರೆ ಬೆರಳು ಎಷ್ಟು ಪ್ರಾಮಾಣಿಕವಾಗಿರಬೇಕು! ಎಂಟು ವರ್ಷಗಳ ಕಾಲ ಕಿವಿಗೆ ವಂಚನೆ ಮಾಡದವರಿಗೆ ಮಾತ್ರ ಅಂತಹ ಧೈರ್ಯವು ಒದಗೀತು. 1957ರಲ್ಲಿ ಅವರಿಗೆ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂದಿತು. ಆದರೆ ಅದರ ಬುನಾದಿಯು ಬಿದ್ದುದು ಯಾರೂ ಚಪ್ಪಾಳೆ ತಟ್ಟದ ದಿನಗಳಲ್ಲಿ.

ಪಿಟೀಲನ್ನು ಮುಟ್ಟದವರಿಗೂ ಈ ನ್ಯಾಯವು ಸಲ್ಲುವುದು. ಬಾಳಿಗೂ ಮೆಟ್ಟುಗಳಿಲ್ಲ, ಒಳಗಿನ ಕಿವಿಯೊಂದುಂಟು. ಅದನ್ನು ಪ್ರತಿದಿನವೂ ಒಂದನೆಯ ಕಾಲದಲ್ಲಿ ಪರೀಕ್ಷಿಸಿಕೊಳ್ಳುವವನಿಗೆ ಸಭೆಯ ಭಯವೂ ಇಲ್ಲ, ಸಭೆಯ ಮದವೂ ಇಲ್ಲ.