ಕುಡಿತ ಬಿಟ್ಟವನೂ ಜಠರದ ಶಸ್ತ್ರಚಿಕಿತ್ಸೆಯೂ

ಹೊನ್ನಾವರದ ಸಹೋದರನೊಬ್ಬನು ದೇವರ ಕೃಪೆಯಿಂದ ಕುಡಿತವನ್ನು ಬಿಟ್ಟು ಮೂರು ವರುಷಗಳಾದವೆಂದು ಎಣಿಸಿರಿ. ಕುಡಿತ ಹೋದ ಮೇಲೆ ಊಟದ ಆಶೆಯು ಅವನನ್ನು ಹಿಡಿಯಿತು. ದೇಹವು ಬಹು ಭಾರವಾಯಿತು, ಸಕ್ಕರೆ ಕಾಯಿಲೆಯೂ ಬಂತು. ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಗೆ ಅವನು ಒಪ್ಪಬಹುದೋ?

ಇದು ಅವಿಶ್ವಾಸವೆಂದು ಕೆಲವರು ಹೇಳುವರು. ನನಗೆ ಹಾಗೆ ತೋರುವದಿಲ್ಲ, ಲೂಕನು ವೈದ್ಯನಾಗಿದ್ದನಲ್ಲವೇ? ಆದರೆ ಈ ಚಿಕಿತ್ಸೆಯಾದವನಲ್ಲಿ ಮದ್ಯವು ಜಠರದಲ್ಲಿ ನಿಲ್ಲದೆ ಬೇಗನೆ ರಕ್ತವನ್ನು ಸೇರುತ್ತದೆ, ಸ್ವಲ್ಪವೇ ಬಹಳವಾಗುತ್ತದೆ. 2012ರಲ್ಲಿ ಅಮೇರಿಕದಲ್ಲಿ ಪ್ರಕಟವಾದ ಶೋಧನೆಯೊಂದರಲ್ಲಿ, ಮದ್ಯದ ಕೇಡಿಗೆ ಸಿಕ್ಕಿದ್ದವರು ಇಂಥ ಚಿಕಿತ್ಸೆಗೆ ಮುಂಚಿನ ವರುಷ ನೂರಕ್ಕೆ 7.6, ಚಿಕಿತ್ಸೆಯ ನಂತರದ ಎರಡನೆಯ ವರುಷ 9.6. ಮೊದಲನೆಯ ವರುಷದಲ್ಲಿ ಹೆಚ್ಚಲಿಲ್ಲ. ಗಂಡಾಂತರವು ದಾಟಿತೆಂದು ಮನೆಯವರು ನೆನಸುವ ಕಾಲದಲ್ಲಿಯೇ ಹೆಚ್ಚಿತು.

ಹೀಗಿರಲಾಗಿ, ತನ್ನ ಹಳೆಯ ಕುಡಿತವನ್ನು ಅವನು ವೈದ್ಯರಿಗೆ ಹೇಳುವನೋ, ಮರೆಮಾಡುವನೋ? ಸಭೆಯ ಮುಂದೆ ಸಾಕ್ಷಿ ಹೇಳಿದವನೂ, ಚಿಕಿತ್ಸೆ ತಪ್ಪೀತೆಂಬ ಭಯದಿಂದ ಅಲ್ಲಿ ಸುಮ್ಮನಿರಬಹುದು. ಆ ನಾಚಿಕೆಗೆ ನಾವೂ ಕಾರಣರು. ಬಿಟ್ಟವನನ್ನು ಇನ್ನೂ ಕುಡುಕನೆಂದೇ ಗುರುತಿಸುತ್ತೇವೆ. ಅವನು ಹೇಳಲಿ. ವೈದ್ಯರು ಕಾಯಿರೆಂದರೆ ಕಾಯಲಿ. ಬೆಂಗಳೂರಿನ ನಿಮ್ಹಾನ್ಸಿನ ವ್ಯಸನ ಚಿಕಿತ್ಸೆಯವರನ್ನು ಮೊದಲು ಕಾಣಿರೆಂದರೆ ಹೋಗಲಿ. ಆ ಎರಡನೆಯ ವರುಷದಲ್ಲಿ ಅವನ ಮನೆಗೆ ಹೋಗತಕ್ಕ ಹಿರಿಯನು ಯಾರೆಂಬದನ್ನು ಸಭೆಯು ಈಗಲೇ ಗೊತ್ತುಮಾಡಲಿ.