ಮಿಕ್ಕ ನೀರಿನ ಋಣ

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಮೊದಲಾದ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಬೆಳಗಾಗುತ್ತಲೇ ಕಾಣುವ ನೋಟವೊಂದುಂಟು. ಶುದ್ಧ ನೀರಿನ ಘಟಕವೆಂಬ ಚಿಕ್ಕ ಕಟ್ಟಡದ ಮುಂದೆ ಕ್ಯಾನುಗಳು ಸಾಲಾಗಿ ಕಾದಿರುತ್ತವೆ. ನಾಣ್ಯ ಹಾಕಿದವರಿಗೆ 20 ಲೀಟರು ತಿಳಿನೀರು ದೊರೆಯುತ್ತದೆ. ಅದೇ ಹೊತ್ತಿನಲ್ಲಿ ಕಟ್ಟಡದ ಹಿಂಬದಿಯ ಕೊಳವೆಯಿಂದ ಮತ್ತೊಂದು ಧಾರೆ ಚರಂಡಿಗೆ ಇಳಿಯುತ್ತಿರುತ್ತದೆ. ಮುಂದಿನ ಧಾರೆಗೆ ಬೆಲೆಯುಂಟು. ಹಿಂದಿನದನ್ನು ವೇಸ್ಟ್ ನೀರೆಂದು ಕರೆದು ಜನರು ಸುಮ್ಮನಾಗುತ್ತಾರೆ. ತನ್ನ ಪಾಲಿನ ಶುದ್ಧಿಯನ್ನು ಪಡೆದುಕೊಂಡವನು ಮಿಕ್ಕ ಅಶುದ್ಧಿಗೆ ಎಷ್ಟರಮಟ್ಟಿಗೆ ಹೊಣೆಗಾರನೆಂಬ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಈ ಹಿಂಬದಿಯ ಧಾರೆಗಿಂತ ತಕ್ಕ ನಿದರ್ಶನವು ದೊರೆಯಲಾರದು.

ಘಟಕಗಳೇ ಬೇಡವೆಂದು ಹೇಳುವಂತಿಲ್ಲ. ಆ ಸೀಮೆಯ ಕಗ್ಗಲ್ಲಿನ ಖನಿಜಗಳಲ್ಲಿ ಫ್ಲೋರೈಡು ಅಡಗಿದೆ. ಕೊಳವೆಬಾವಿಗಳು ಆಳಕ್ಕೆ ಇಳಿದಂತೆಲ್ಲ, ಬಹುಕಾಲ ಬಂಡೆಯೊಡನೆ ಬೆರೆತು ನಿಂತ ನೀರೇ ಮೇಲಕ್ಕೆ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಲ್ಲಿ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕವು ವಿಧಿಸುತ್ತದೆ. ಮೀರಿದ ಕಡೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ; ವರ್ಷಗಳು ಕಳೆದ ಮೇಲೆ ಬೆನ್ನು ಬಗ್ಗದು, ಮೊಣಕಾಲು ಮಡಿಸದು. 1937ರಲ್ಲಿಯೇ ನೆಲ್ಲೂರು ಜಿಲ್ಲೆಯ ರೋಗಿಗಳನ್ನು ಪರೀಕ್ಷಿಸಿದ ವೈದ್ಯರು ಈ ವ್ಯಾಧಿಯ ಕಾರಣವನ್ನು ಲೋಕಕ್ಕೆ ತಿಳಿಸಿದ್ದರು. ಒಮ್ಮೆ ಬಿಗಿದ ಎಲುಬು ಮರಳಿ ಸಡಿಲಗೊಳ್ಳುವುದಿಲ್ಲ. ಆದುದರಿಂದ ತಾಯಿಯೊಬ್ಬಳು ಮಗುವಿಗಾಗಿ ಆ ಕ್ಯಾನನ್ನು ಹೊತ್ತುಕೊಂಡು ಹೋಗುವುದು ಪೂರ್ಣವಾಗಿ ನ್ಯಾಯವಾದುದು.

ಆದರೆ ಯಂತ್ರದೊಳಗಿನ ಪೊರೆಗೆ ಬಲ್ಲ ಕೆಲಸ ಬೇರ್ಪಡಿಸುವುದೊಂದೇ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡು ಇರುವ ಸಾವಿರ ಲೀಟರು ನೀರು ಒಳಹೊಕ್ಕಿತೆನ್ನೋಣ. ಅರ್ಧದಷ್ಟು ತಿಳಿಯಾಗಿ ಹೊರಬಂದರೆ, ಉಳಿದರ್ಧದಲ್ಲಿ ಲೀಟರಿಗೆ ಹತ್ತಿರ ಹತ್ತಿರ 4 ಮಿಲಿಗ್ರಾಂ ಸೇರಿರುತ್ತದೆ. ಇತರ ಲವಣಗಳ ಗತಿಯೂ ಇದೇ.

ಇಲ್ಲೊಂದು ಆಕ್ಷೇಪಣೆ ಏಳಬಹುದು. ಭೂಮಿಯಿಂದ ಬಂದ ಉಪ್ಪು ಭೂಮಿಗೇ ಹಿಂದಿರುಗಿದರೆ ದೋಷವೇನು? ಮೇಲುನೋಟಕ್ಕೆ ವಾದವು ಸಮಂಜಸವಾಗಿಯೇ ತೋರುತ್ತದೆ. ಆದರೆ ನೂರಾರು ಅಡಿ ಆಳದ ಬಂಡೆಯ ಸೀಳುಗಳಲ್ಲಿ ಹರಡಿಕೊಂಡಿದ್ದುದು ಈಗ ಊರಿನ ನಡುವೆ, ಒಂದೇ ಚರಂಡಿಯ ಬಾಯಲ್ಲಿ, ದಿನವೂ ಬೀಳುತ್ತಿದೆ. ಚರಂಡಿಯ ಕೊನೆಯಲ್ಲಿ ಕುಂಟೆಯಿದ್ದರೆ ಅಲ್ಲಿ ದನಗಳು ಬಾಯಿಡುತ್ತವೆ. ದನದ ಹಲ್ಲು ಎಲುಬುಗಳಿಗೂ ಈ ವ್ಯಾಧಿ ತಟ್ಟುತ್ತದೆ. ಕೆಳಕೇರಿಯ ತೆರೆದ ಬಾವಿಗೂ ತಗ್ಗಿನ ಗದ್ದೆಗೂ ಅದು ಇಂಗಿ ಸೇರುತ್ತದೆ. ದನದ ಕೈಯಲ್ಲಿ ನಾಣ್ಯವಿಲ್ಲ. ಮುಂದೆ ಹುಟ್ಟಲಿರುವ ಕೂಸು ಗ್ರಾಮಸಭೆಗೆ ಬಂದು ತಕರಾರು ಹೇಳಲಾರದು. ಲಾಭವನ್ನು ಪಡೆದವರು ಒಬ್ಬರು, ಹೊರೆಯನ್ನು ಹೊತ್ತವರು ಮತ್ತೊಬ್ಬರು. ಅದೂ ಅವರನ್ನು ಒಂದು ಮಾತು ಕೇಳದೆ. ದೋಷವಿರುವುದು ಇಲ್ಲಿ.

ಸಮುದ್ರಮಥನದ ಕಥೆಯನ್ನು ಬಲ್ಲವರು ಅದರ ಅನುಕ್ರಮವನ್ನು ಗಮನಿಸಿರಬೇಕು. ಹಾಲಾಹಲವು ಮೊದಲು ಎದ್ದಿತು. ಅದನ್ನು ಕಂಠದಲ್ಲಿ ಧರಿಸುವವನೊಬ್ಬನು ಒದಗಿದ ಬಳಿಕವೇ ಕಡೆಯುವ ಕಾರ್ಯ ಮುಂದುವರಿದು ಅಮೃತವು ಬಂದಿತು. ನಮ್ಮ ಊರುಗಳಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಅಮೃತದ ಹಂಚಿಕೆಗೆ ಕಟ್ಟಡ, ಮೀಟರು, ಉದ್ಘಾಟನೆಯ ಫಲಕ ಎಲ್ಲವೂ ಸಿದ್ಧವಾಗುತ್ತವೆ. ವಿಷಕ್ಕೆ ಎಡೆ ಯಾವುದೆಂದು ಕೇಳುವ ಹೊತ್ತಿಗೆ ಗುತ್ತಿಗೆದಾರನು ಊರು ಬಿಟ್ಟಿರುತ್ತಾನೆ.

ನೀರು ಪೋಲಾಗಬಾರದೆಂಬ ಸದುದ್ದೇಶವೂ ಇಲ್ಲಿ ವಿಚಿತ್ರವಾದ ತೊಡಕಿಗೆ ಸಿಲುಕುತ್ತದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಇಂತಹ ಯಂತ್ರಗಳು ನೂರಕ್ಕೆ 60 ಪಾಲನ್ನಾದರೂ ಶುದ್ಧ ನೀರಾಗಿ ಕೊಡಬೇಕೆಂದೂ, ಮುಂದೆ ಅದನ್ನು 75ಕ್ಕೆ ಏರಿಸಬೇಕೆಂದೂ ಹೇಳಿತು. ಹಿತವಾದ ಮಾತೇ. ಆದರೆ ಮೇಲಿನ ಲೆಕ್ಕದಂತೆ 75 ಪಾಲು ತೆಗೆದರೆ, ಉಳಿದ 25ರಲ್ಲಿ ಫ್ಲೋರೈಡು ಲೀಟರಿಗೆ 8 ಮಿಲಿಗ್ರಾಮಿನ ಹತ್ತಿರಕ್ಕೆ ಏರುತ್ತದೆ. ನೀರಿನ ವಿಷಯದಲ್ಲಿ ಮಿತವ್ಯಯಿಯಾದಷ್ಟೂ ಉಳಿಕೆಯು ಉಗ್ರವಾಗುತ್ತದೆ. ಅದನ್ನು ಕಾಯುವ ಕರ್ತವ್ಯವೂ ಅಷ್ಟೇ ಭಾರವಾಗುತ್ತದೆ. ಲವಣಾಂಶವು ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆಯಿರುವಲ್ಲಿ ಈ ಯಂತ್ರವೇ ಬೇಡವೆಂದೂ ಅದೇ ಆದೇಶವು ಸೂಚಿಸಿತು. ಮನೆಗೆ ಕಾವೇರಿಯ ನೀರೇ ಬರುತ್ತಿದ್ದರೂ ಅಡಿಗೆಮನೆಯಲ್ಲಿ ಈ ಯಂತ್ರವನ್ನು ತೂಗುಹಾಕಿಕೊಂಡ ನಗರದ ಸಜ್ಜನರು ಈ ಮಾತನ್ನು ಸ್ವಲ್ಪ ಆಲೋಚಿಸಬಹುದು. ಬಾಗೇಪಲ್ಲಿಯ ತಾಯಿಗಿರುವ ನೆಪವು ಅವರಿಗಿಲ್ಲ.

ಉಳಿಕೆಗೆ ಮೊದಲೇ ಎಡೆ ಗೊತ್ತುಮಾಡಿಕೊಂಡ ಊರುಗಳೂ ಇವೆ. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಎಲ್ ಪಾಸೊ ನಗರವು ಕಡಲಿನಿಂದ ಬಹುದೂರ. ಉಪ್ಪುಮಿಶ್ರಿತ ಅಂತರ್ಜಲವನ್ನು ತಿಳಿಗೊಳಿಸುವ ದೊಡ್ಡ ಸ್ಥಾವರವು ಅಲ್ಲಿ 2007ರಲ್ಲಿ ಆರಂಭವಾದಾಗ, ಸಾಂದ್ರಜಲವನ್ನು ಸುಮಾರು 22 ಮೈಲಿ ಕೊಳವೆಯಲ್ಲಿ ಸಾಗಿಸಿ ಆಳದ ಶಿಲಾಸ್ತರಕ್ಕೆ ಇಳಿಸುವ ಏರ್ಪಾಡೂ ಜೊತೆಗೇ ನಡೆಯಿತು. ಅದರ ವೆಚ್ಚವು ನೀರಿನ ವೆಚ್ಚದಲ್ಲಿಯೇ ಸೇರಿತು. ಪಾವಗಡದ ಹಳ್ಳಿಗೆ ಅಷ್ಟು ದ್ರವ್ಯವೆಲ್ಲಿಯದು? ಆದರೆ ಅಲ್ಲಿ ಬಿಸಿಲಿಗೆ ಬರವಿಲ್ಲ. ತಳಕ್ಕೆ ನೀರಿಳಿಯದ ಹಾಸು ಹಾಕಿದ, ದನ ನುಗ್ಗದಂತೆ ಬೇಲಿ ಕಟ್ಟಿದ ಆಳವಿಲ್ಲದ ತೊಟ್ಟಿಯಲ್ಲಿ ಉಳಿಕೆಯನ್ನು ಒಣಗಿಸಬಹುದು. ಒಣಗಿದ ಉಪ್ಪನ್ನು ಚೀಲಕ್ಕೆ ತುಂಬಿ, ಲೆಕ್ಕವಿಟ್ಟು, ಮಳೆ ತಾಗದ ಎಡೆಯಲ್ಲಿ ಇರಿಸುವ ಆಳೂ ಬೇಕು. ಅದಕ್ಕಾಗಿ ಕ್ಯಾನಿಗೆ ಒಂದೆರಡು ರೂಪಾಯಿ ಹೆಚ್ಚಾದರೆ ಅದು ಹೊಸ ತೆರಿಗೆಯೆನಿಸದು. ಇಷ್ಟು ದಿನ ಕೆಳಕೇರಿಯವರು ತೆರುತ್ತಿದ್ದುದನ್ನು ಕುಡಿದವರು ತೆತ್ತಂತಾಗುವುದು. ಬಡವರ ಕ್ಯಾನಿನ ಹೆಚ್ಚಳವನ್ನು ಪಂಚಾಯಿತಿಯು ವಹಿಸಲಿ.

ಇನ್ನು, ಅದೇ ಹಳ್ಳಿಗಳ ಮಾಡುಗಳ ಮೇಲೆ ಬೀಳುವ ಮಳೆಗೆ ಬಂಡೆಯ ಸಂಪರ್ಕವಿಲ್ಲ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಅನಂತರದ್ದನ್ನು ಸೋಸಿ ಮುಚ್ಚಿದ ತೊಟ್ಟಿಯಲ್ಲಿ ಹಿಡಿದರೆ ಕುಡಿಯುವುದಕ್ಕೂ ಅಡಿಗೆಗೂ ಕೆಲವು ತಿಂಗಳಾದರೂ ಒದಗುತ್ತದೆ. ಅಷ್ಟು ತಿಂಗಳು ಆ ಮನೆಯ ಹೆಸರಿನಲ್ಲಿ ಹಿಂಬದಿಯ ಕೊಳವೆಯಿಂದ ಏನೂ ಹರಿಯುವುದಿಲ್ಲ.